ಟೈಟೇನಿಯಂ: ಹಳ್ಳದ ಮರಳಿನ ಲೋಹ

ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯಂಥ ನದಿಯ ಪಾತ್ರದಲ್ಲಿ, ಮಳೆಯ ನೀರು ಇಳಿದ ಮೇಲೆ, ಮರಳಿನಲ್ಲಿ ಅಲ್ಲಲ್ಲಿ ಕಪ್ಪು ಎಳೆಗಳು ಉಳಿದಿರುವುದುಂಟು. ನಂದಿಬೆಟ್ಟದ ಸೀಮೆಯ ಬಂಡೆಗಳು ಸವೆದು ಪುಡಿಯಾದಾಗ ಹಗುರವಾದ ಕಣಗಳನ್ನು ನೀರು ಒಯ್ಯುವುದು, ಭಾರವಾದವು ಹಿಂದುಳಿಯುವುವು. ಈ ಕಪ್ಪು ಮರಳನ್ನು ಒಣಗಿಸಿ, ಕಾಗದದ ಮೇಲೆ ಹರಡಿ, ಅಯಸ್ಕಾಂತವನ್ನು ಹಿಡಿಯೋಣ. ಥಟ್ಟನೆ ಹಾರಿ ಅಂಟಿಕೊಳ್ಳುವ ಕಣಗಳು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಅಷ್ಟು ಸುಲಭವಾಗಿ ಮಣಿಯದೆ ಉಳಿದ ಕರಿಯ ಕಣಗಳಲ್ಲಿ ಇಲ್ಮೆನೈಟ್ ಇರುವ ಸಂಭವ ಹೆಚ್ಚು. ಇದು ಕಬ್ಬಿಣ, ಟೈಟೇನಿಯಂ ಮತ್ತು ಆಮ್ಲಜನಕಗಳು ಕೂಡಿದ ಖನಿಜ.

ಟೈಟೇನಿಯಂ ಮೊದಲು ಪತ್ತೆಯಾದುದೂ ಇಂಥ ಹಳ್ಳದ ಮರಳಿನಲ್ಲಿಯೇ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್ ಅಲ್ಲಿಯ ಕಪ್ಪು ಮರಳನ್ನು ವಿಶ್ಲೇಷಿಸಿ, ಅದರಲ್ಲಿ ಹೊಸದೊಂದು ಧಾತು ಇರುವುದನ್ನು ಕಂಡನು. ನಾಲ್ಕು ವರ್ಷಗಳ ಅನಂತರ ಜರ್ಮನಿಯ ಕ್ಲಾಪ್ರೋತ್ ಅದನ್ನು ಬೇರೊಂದು ಖನಿಜದಲ್ಲಿ ಕಂಡು, ಗ್ರೀಕ್ ಪುರಾಣದ ಟೈಟನ್ನರ ಹೆಸರನ್ನಿಟ್ಟನು. ಆದರೆ ಶುದ್ಧವಾದ ಲೋಹ ದೊರೆತುದು 1910ರಲ್ಲಿ, ಅಮೆರಿಕದ ಹಂಟರನ ಕೈಯಲ್ಲಿ.

ಇಷ್ಟು ವಿಳಂಬವೇಕೆ? ವಸ್ತು ಅಪರೂಪವೆಂದಲ್ಲ. ಭೂಮಿಯ ಹೊರಪದರದ ಧಾತುಗಳಲ್ಲಿ ಇದಕ್ಕೆ ಒಂಬತ್ತನೆಯ ಸ್ಥಾನ. ತಾಮ್ರ, ಸತು, ಸೀಸ ಮೂರನ್ನೂ ಕೂಡಿಸಿದರೂ ಇದರ ಸಮಕ್ಕೆ ಬಾರವು. ತೊಡಕಿರುವುದು ಇದರ ಆಮ್ಲಜನಕದ ದಾಹದಲ್ಲಿ. ಕಬ್ಬಿಣದ ಅದಿರನ್ನು ಇದ್ದಿಲಿನೊಡನೆ ಕಾಸಿದರೆ ಇದ್ದಿಲು ಆಮ್ಲಜನಕವನ್ನು ಕಿತ್ತುಕೊಂಡು ಲೋಹವನ್ನು ಬಿಟ್ಟುಕೊಡುವುದು. ಟೈಟೇನಿಯಂ ಆದರೋ ಇದ್ದಿಲಿನೊಡನೆಯೇ ಕೂಡಿ ಕಾರ್ಬೈಡ್ ಆಗಿಬಿಡುವುದು. ಕಾಸಿದರೆ, ಉರಿಯನ್ನು ನಂದಿಸುವುದೆಂದು ನಾವು ಶಾಲೆಯಲ್ಲಿ ಓದುವ ಸಾರಜನಕದಲ್ಲಿಯೂ ಇದು ಉರಿಯುವುದು!

ಈ ಕಷ್ಟಕ್ಕೆ ಸುತ್ತುಬಳಸಿನ ದಾರಿಯನ್ನು ತೋರಿದವನು ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್. ಅದಿರನ್ನು ಮೊದಲು ಕ್ಲೋರಿನ್ನಿನೊಡನೆ ಸೇರಿಸಿ ಕ್ಲೋರೈಡಾಗಿ ಮಾಡಿ, ಬಟ್ಟಿಯಿಳಿಸಿ ಶುದ್ಧಗೊಳಿಸುವರು. ಗಾಳಿಯ ಸೋಂಕೇ ಇಲ್ಲದಂತೆ ಆರ್ಗಾನ್ ಅನಿಲವನ್ನು ತುಂಬಿದ ಉಕ್ಕಿನ ಪಾತ್ರೆಯಲ್ಲಿ, ಕರಗಿದ ಮೆಗ್ನೀಸಿಯಂ ಆ ಕ್ಲೋರಿನ್ನನ್ನು ಸೆಳೆದುಕೊಳ್ಳುವುದು. ಉಳಿಯುವುದು ರಂಧ್ರಮಯವಾದ ಬೂದುಬಣ್ಣದ ಮುದ್ದೆ. ಇದನ್ನು ಸ್ಪಂಜು ಎನ್ನುವರು. ಇಂಥ ಸ್ಪಂಜನ್ನು ತಯಾರಿಸಲು ಕೇರಳದ ಚವರದಲ್ಲಿ 2011ರಲ್ಲಿ ಕಾರ್ಖಾನೆಯೊಂದು ಆರಂಭವಾಯಿತು. ಮರಳು ಅಗ್ಗ, ಲೋಹ ದುಬಾರಿ ಎಂಬುದರ ಗುಟ್ಟು ಇಷ್ಟೇ.

ಆದರೆ ಯಾವ ದಾಹ ನಮ್ಮನ್ನು ಇಷ್ಟು ಕಾಡಿತೋ ಅದೇ ಈ ಲೋಹದ ಕವಚ. ಇದಕ್ಕಿಂತ ಸೊಗಸಾದ ವಿರೋಧಾಭಾಸ ರಸಾಯನಶಾಸ್ತ್ರದಲ್ಲಿ ವಿರಳವೆನ್ನಬೇಕು. ಗಾಳಿ ಸೋಕಿದ ಕ್ಷಣವೇ ಮೈಮೇಲೆ ಮಿಲಿಮೀಟರಿನ ಕೆಲವು ದಶಲಕ್ಷಾಂಶದಷ್ಟು ತೆಳುವಾದ ಆಕ್ಸೈಡಿನ ಪೊರೆ ಮೂಡುವುದು. ಗೀಚಿದರೆ ಒಡನೆಯೇ ಮತ್ತೆ ಕೂಡಿಕೊಳ್ಳುವುದು. ಆದುದರಿಂದ ಸಮುದ್ರದ ನೀರೂ ಇದನ್ನು ತಿನ್ನದು. ಮುರಿದ ಮೂಳೆಯನ್ನು ಬಿಗಿಯಲು ವೈದ್ಯರು ಇದರ ತಿರುಪುಗಳನ್ನು ಬಳಸುವರು. ಇದರ ಭಾರ ನೀರಿನ 4.5ರಷ್ಟು, ಕಬ್ಬಿಣದ್ದು 7.9ರಷ್ಟು, ಆದರೂ ಇದರ ಮಿಶ್ರಲೋಹಗಳ ಬಲ ಉಕ್ಕಿಗೆ ಸರಿದೊರೆ. ಕರಗಲು 1668 ಡಿಗ್ರಿ ಸೆಲ್ಸಿಯಸ್ ಬೇಕು. ವಿಮಾನದ ಎಂಜಿನುಗಳಲ್ಲಿ ಇದಕ್ಕೆ ಮನ್ನಣೆ ದೊರೆತುದು ಸಹಜ.

ಅಗೆದ ಟೈಟೇನಿಯಂ ಅದಿರಿನಲ್ಲಿ ಬಹುಪಾಲು ಲೋಹವಾಗುವುದೇ ಇಲ್ಲ; ಬಿಳಿಯ ಆಕ್ಸೈಡಿನ ಪುಡಿಯಾಗಿ ಬಣ್ಣ, ಕಾಗದಗಳನ್ನು ಸೇರುವುದು. ಈ ಪುಡಿ ಬೆಳಕನ್ನು ವಜ್ರಕ್ಕಿಂತಲೂ ಹೆಚ್ಚು ಬಾಗಿಸುವುದರಿಂದ, ತೆಳುವಾದ ಲೇಪವೂ ಗೋಡೆಯನ್ನು ಮರೆಮಾಡಬಲ್ಲದು. ಕೃತಕ ರೇಷ್ಮೆಯ ನೂಲು ಗಾಜಿನಂತೆ ಮಿರುಗಿ ಕಣ್ಣಿಗೆ ಒಗ್ಗದಾದಾಗ, ಮಿರುಗನ್ನು ತಗ್ಗಿಸಲು ತಯಾರಕರು ಇದನ್ನೇ ಚಿಟಿಕೆಯಷ್ಟು ಬೆರೆಸುವರು. ಶಿಡ್ಲಘಟ್ಟದ ಗೂಡಿನಿಂದ ಬಿಚ್ಚಿದ ನೂಲಿಗೆ ಈ ಉಪಚಾರ ಬೇಕಿಲ್ಲ.