ನಿಂತ ಗಾಡಿ, ಬರುವ ಗಾಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅನಗವಾಡಿ ಸುತ್ತಿನ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಇಲ್ಲಿ ಘಟಪ್ರಭೆಯನ್ನು ದಾಟುತ್ತದೆ. ಮುಧೋಳ, ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ ಕಡೆಯ ಕಾರ್ಖಾನೆಗಳ ದಾರಿಯಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರುಗಳ ಸಾಲು. ಮುಂದೆ ಎಂಜಿನ್, ಹಿಂದೆ ಎರಡು ಟ್ರಾಲಿ, ಟ್ರಾಲಿ ಮೀರಿ ಆಚೀಚೆ ಚಾಚಿಕೊಂಡ ಕಬ್ಬು. ಜೋರಾಗಿ ಹಾಡು ಕೇಳಿಸಿದರೆ ಗಾಡಿ ಬರುತ್ತಿದೆ ಎಂದು ಗೊತ್ತಾಗುತ್ತದೆ. ಕೆಟ್ಟು ನಿಂತ ಗಾಡಿಗೆ ಹಾಡೂ ಇರುವುದಿಲ್ಲ. ಚಾಲಕ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ನಾಲ್ಕು ಹೆಜ್ಜೆ ಹಿಂದೆ ಬೇವಿನ ಟೊಂಗೆಯೊಂದನ್ನು ರಸ್ತೆ ಮೇಲೆ ಇಟ್ಟು, ಮೆಕ್ಯಾನಿಕ್ ಹುಡುಕಿಕೊಂಡು ಹೋಗಿರುತ್ತಾನೆ.

ಆ ಬೇವಿನ ಟೊಂಗೆ ನಮ್ಮ ಕಡೆಯ ಹಳದಿ ಬಾವುಟ. ಕಾರ್ ರೇಸಿನಲ್ಲಿ ಹಳದಿ ಬಾವುಟ ಬೀಸಿದರೆ ‘ಮುಂದೆ ಅಪಾಯವಿದೆ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ’ ಎಂದರ್ಥ. ಎರಡು ಬಾವುಟ ಒಟ್ಟಿಗೆ ಬೀಸಿದರೆ, ನಿಲ್ಲುವುದಕ್ಕೂ ಸಿದ್ಧನಾಗಿರು ಎಂದು. ತೆರಬಂಡಿ, ಟ್ರ್ಯಾಕ್ಟರ್ ಜಗ್ಗಾಟ ನೋಡಿ ಬೆಳೆದ ಇಲ್ಲಿನ ಹುಡುಗರು ಈಗ ಮೊಬೈಲಿನಲ್ಲಿ ಫಾರ್ಮುಲಾ ರೇಸುಗಳನ್ನೂ ನೋಡುತ್ತಾರೆ. ರೇಸ್ ಮುಗಿದ ಮೇಲೆ ಎಲ್ಲ ಊರಲ್ಲೂ ಏಳುವ ಜಗಳ ಒಂದೇ: ಬಡಿಯಲಿಲ್ಲ ಅಂದಮ್ಯಾಗ ದಂಡ ಯಾಕ? ಈ ಪ್ರಶ್ನೆಗೆ ಉತ್ತರ ಭೌತವಿಜ್ಞಾನದಲ್ಲಿದೆ, ಮತ್ತು ಅದು ನಮ್ಮ ಕಬ್ಬಿನ ರಸ್ತೆಗೂ ಸಂಬಂಧಪಟ್ಟದ್ದು ಎಂದು ಹೇಳುವುದಕ್ಕೇ ಈ ಲೇಖನ.

2024ರ ಸೆಪ್ಟೆಂಬರ್ 15. ಅಜರ್‌ಬೈಜಾನಿನ ಬಾಕು ನಗರದಲ್ಲಿ ಫಾರ್ಮುಲಾ 2 ರೇಸ್. ಬೆಂಗಳೂರಿನ ಕುಶ್ ಮೈನಿ ಸಾಲಿನಲ್ಲಿ ನಿಂತಿದ್ದರು. ಕೆಂಪು ದೀಪಗಳು ಆರಿದವು, ಉಳಿದ ಕಾರುಗಳು ನುಗ್ಗಿದವು, ಮೈನಿಯವರ ಎಂಜಿನ್ ಆಫ್ ಆಗಿ ಕಾರು ಅಲ್ಲೇ ನಿಂತಿತು. ಹಿಂದಿನ ಕೆಲವರು ಪಕ್ಕಕ್ಕೆ ಸರಿದು ಪಾರಾದರು. ಪೆಪೆ ಮಾರ್ತಿ ಮತ್ತು ಆಲಿವರ್ ಗೋಥೆಗೆ ಅದು ಸಾಧ್ಯವಾಗಲಿಲ್ಲ. ಇಬ್ಬರ ಕಾರೂ ನಿಂತ ಕಾರಿಗೆ ಅಪ್ಪಳಿಸಿದವು. ಚೂರುಗಳು ರಸ್ತೆ ತುಂಬ ಹರಡಿದವು. ಮೂವರೂ ಬದುಕಿಕೊಂಡರು.

ಇಲ್ಲಿ ತಪ್ಪು ಯಾರದು? ಯಾರದೂ ಅಲ್ಲ ಎಂದೇ ನನ್ನ ಅಭಿಪ್ರಾಯ. ಫಾರ್ಮುಲಾ 2 ಕಾರು ಮೂರು ಸೆಕೆಂಡಿನೊಳಗೆ ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತದೆ. ಹಿಂದಿನ ಸಾಲಿನ ಕಾರು ನೂರು ಮೀಟರ್ ಓಡುವಷ್ಟರಲ್ಲಿ 140ರ ಆಸುಪಾಸಿನಲ್ಲಿರುತ್ತದೆ. ಎದುರಿಗೆ ಇನ್ನೊಂದು ಕಾರಿನ ಬೆನ್ನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಮುಂದಿನವನು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿದಾಗ ಮಾತ್ರ ನಿಂತ ಕಾರು ಕಣ್ಣಿಗೆ ಬೀಳುತ್ತದೆ. ಅಷ್ಟೂ ಕಾರುಗಳು 140ರಲ್ಲಿ ಒಟ್ಟಿಗೆ ಓಡುತ್ತಿದ್ದರೆ ಅಪಾಯ ಕಡಿಮೆ, ಒಂದು ಇನ್ನೊಂದಕ್ಕೆ ತಾಗಿದರೂ ಉಜ್ಜಿಕೊಂಡು ಹೋಗುತ್ತದೆ. ಒಂದು 140ರಲ್ಲಿ, ಇನ್ನೊಂದು ಸೊನ್ನೆಯಲ್ಲಿ ಇದ್ದಾಗಲೇ ಅನಾಹುತ. ಕೊಲ್ಲುವುದು ವೇಗಗಳ ನಡುವಿನ ಅಂತರ.

ಈ ಲೆಕ್ಕವನ್ನು ನಮ್ಮ ರಸ್ತೆಗೆ ತರೋಣ. ರಾತ್ರಿ ಡಿಪ್ ಲೈಟಿನಲ್ಲಿ ನಿಮಗೆ 50 ಮೀಟರ್ ದೂರದ ಟ್ರಾಲಿ ಕಂಡಿತು ಎಂದಿಟ್ಟುಕೊಳ್ಳಿ. ಕಂಡದ್ದು ಟ್ರಾಲಿ, ಅದು ನಿಂತಿದೆ ಎಂದು ಮಿದುಳಿಗೆ ಅರಿವಾಗಿ ಬ್ರೇಕಿನ ಮೇಲೆ ಕಾಲು ಬೀಳಲು ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ 25 ಮೀಟರ್ ಮುಂದೆ ಹೋಗಿರುತ್ತೀರಿ. ಒಳ್ಳೆಯ ಬ್ರೇಕ್, ಒಣ ರಸ್ತೆಯಾದರೆ ನಿಲ್ಲಲು ಇನ್ನೂ 23 ಮೀಟರ್. ಒಟ್ಟು 48. ಟ್ರಾಲಿಗೆ ಎರಡು ಮೀಟರ್ ಇರುವಾಗ ಗಾಡಿ ನಿಲ್ಲುತ್ತದೆ, ಎದೆ ಬಡಿತ ಬಿಟ್ಟರೆ ಬೇರೇನೂ ಆಗುವುದಿಲ್ಲ.

ಈಗ 80ರಲ್ಲಿ ಬನ್ನಿ. ಒಂದೂವರೆ ಸೆಕೆಂಡಿನಲ್ಲಿ 33 ಮೀಟರ್ ಹೋಯಿತು. ಬ್ರೇಕ್ ಹಾಕಲು ಉಳಿದದ್ದು 17 ಮೀಟರ್, ಬೇಕಾದದ್ದು 41. ಟ್ರಾಲಿಗೆ ಬಡಿಯುವಾಗ ನಿಮ್ಮ ವೇಗ ಇನ್ನೂ 60ರ ಮೇಲೇ ಇರುತ್ತದೆ. ಅಂದರೆ 60ರಲ್ಲಿ ಬಂದವನು ನಿಂತ ಜಾಗದ ಹತ್ತಿರವೇ 80ರಲ್ಲಿ ಬಂದವನು 60ರಲ್ಲಿ ಬಡಿಯುತ್ತಾನೆ. ವೇಗ ಮೂರನೇ ಒಂದು ಪಾಲು ಹೆಚ್ಚಿದರೆ ಚಲನಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವಂಥದ್ದು. ಕಾಗದದ ಮೇಲೆ ಬರೆದು ನೋಡುವವರೆಗೆ ಇದನ್ನು ನಂಬುವುದು ಕಷ್ಟ, ಹಾಗಾಗಿ ಬರೆದು ನೋಡಿ ಎಂದೇ ಕೇಳುತ್ತೇನೆ.

ರೇಸಿನ ಲೋಕ ಈ ಲೆಕ್ಕವನ್ನು ಕಲಿತದ್ದು ಟ್ರ್ಯಾಕ್ಟರಿನಂಥದೇ ಒಂದು ಗಾಡಿಯಿಂದ. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಫಾರ್ಮುಲಾ 1 ರೇಸ್, ಜೊತೆಗೆ ಮಳೆ. ಜಾರಿಹೋದ ಕಾರೊಂದನ್ನು ಎತ್ತಲು ಆರೂವರೆ ಟನ್ ತೂಕದ ಯಂತ್ರವೊಂದು ರಸ್ತೆಯ ಅಂಚಿಗೆ ಬಂದಿತ್ತು. ಎರಡು ಹಳದಿ ಬಾವುಟ ಬೀಸುತ್ತಿದ್ದರು. ಫ್ರಾನ್ಸಿನ ಜೂಲ್ಸ್ ಬಿಯಾಂಕಿ ಅದೇ ತಿರುವಿನಲ್ಲಿ ಹಿಡಿತ ತಪ್ಪಿ 126 ಕಿ.ಮೀ. ವೇಗದಲ್ಲಿ ಆ ಯಂತ್ರದ ಅಡಿಗೆ ನುಗ್ಗಿದರು. ಅವರ ಕಾರಿನ ತೂಕ 700 ಕೆ.ಜಿ. ಹತ್ತರಷ್ಟಿಗೆ ಹತ್ತಿರದ ತೂಕಕ್ಕೆ ಹಗುರ ವಸ್ತು ಬಡಿದರೆ ಭಾರದ್ದು ತುಸುವೇ ಕದಲುತ್ತದೆ, ವೇಗವನ್ನು ಬಹುಪಾಲು ಕಳೆದುಕೊಳ್ಳಬೇಕಾದದ್ದು ಹಗುರದ್ದೇ. ಮರುವರ್ಷ ಜುಲೈ 17ರಂದು ಬಿಯಾಂಕಿ ತೀರಿಕೊಂಡರು. ಬಾವುಟ ಕಂಡ ಮೇಲೂ ಅವರು ಸಾಕಷ್ಟು ನಿಧಾನಿಸಲಿಲ್ಲ ಎಂದು ತನಿಖೆ ಹೇಳಿತು.

‘ನಿಧಾನಿಸು’ ಎಂದರೆ ಎಷ್ಟು? ಅದನ್ನು ಚಾಲಕನ ವಿವೇಚನೆಗೆ ಬಿಟ್ಟದ್ದೇ ದೋಷ. ಪ್ರತಿಯೊಬ್ಬನೂ ಪಕ್ಕದವನಿಗಿಂತ ತುಸು ಕಡಿಮೆ ನಿಧಾನಿಸುತ್ತಾನೆ, ಸ್ಪರ್ಧೆ ಎಂದರೆ ಹಾಗೇ. 2015ರಲ್ಲಿ ಬಂದ ‘ವರ್ಚುವಲ್ ಸೇಫ್ಟಿ ಕಾರ್’ ಈ ವಿವೇಚನೆಯನ್ನೇ ಕೈಯಿಂದ ತೆಗೆದುಕೊಂಡಿತು. ಅದು ಜಾರಿಯಾದ ಕೂಡಲೇ ಎಲ್ಲರ ಸ್ಟೀರಿಂಗ್ ಮೇಲೂ ಒಂದು ಅವಧಿ ಮೂಡುತ್ತದೆ. ಅದಕ್ಕಿಂತ ಬೇಗ ಆ ತುಂಡು ದಾರಿಯನ್ನು ದಾಟಿದವನಿಗೆ ದಂಡ. ಎಲ್ಲರೂ ಸಮನಾಗಿ ನಿಧಾನ, ಯಾರಿಗೂ ನಷ್ಟವಿಲ್ಲ. ದಂಡದ ಭಯವಿಲ್ಲದಿದ್ದರೆ ಈ ಇಡೀ ವ್ಯವಸ್ಥೆ ಒಂದು ಸುತ್ತು ಕೂಡ ಬಾಳುವುದಿಲ್ಲ.

ಎಂಟು ವರ್ಷದ ನಂತರ, 2022ರ ಅಕ್ಟೋಬರ್ 9ರಂದು, ಅದೇ ಸುಜುಕಾ, ಅದೇ ಮಳೆ. ರೇಸ್ ನಿಲ್ಲಿಸುವ ಹೊತ್ತಿನಲ್ಲಿ ಪಿಯರ್ ಗ್ಯಾಸ್ಲಿ ವೇಗವಾಗಿ ಬಂದರು. ನೀರಿನ ತುಂತುರಿನೊಳಗಿಂದ ಪಕ್ಕದಲ್ಲೇ ಒಂದು ಟ್ರ್ಯಾಕ್ಟರ್ ಎದ್ದುಬಂತು. ತಮ್ಮನ್ನು ಕೊಂದೇಬಿಡುತ್ತಿದ್ದರು ಎಂದು ಗ್ಯಾಸ್ಲಿ ಸಿಟ್ಟಾದರು. ಕೊನೆಗೆ ದಂಡ ಬಿದ್ದದ್ದು ಅವರಿಗೇ: ಕೆಂಪು ಬಾವುಟದ ಅಡಿಯಲ್ಲಿ ಅತಿವೇಗಕ್ಕೆ 20 ಸೆಕೆಂಡ್. ಅಭಿಮಾನಿಗಳು ಇದನ್ನು ಅನ್ಯಾಯ ಎಂದರು. ನಾನು ಹಾಗೆನ್ನಲಾರೆ. ಕಾರುಗಳು ಇನ್ನೂ ಓಡುತ್ತಿರುವಾಗ ಟ್ರ್ಯಾಕ್ಟರನ್ನು ಒಳಗೆ ಬಿಟ್ಟದ್ದು ದೊಡ್ಡ ತಪ್ಪು; ಅದನ್ನು ತಡಮಾಡಿ ಕಳಿಸಬೇಕಿತ್ತು ಎಂದು ರೇಸುಗಳ ನಿಯಂತ್ರಣ ಸಂಸ್ಥೆ ಎಫ್‌ಐಎಯ ಪರಿಶೀಲನೆಯೇ ಒಪ್ಪಿಕೊಂಡಿತು. ಆದರೆ ಆ ಟ್ರ್ಯಾಕ್ಟರಿನ ಸುತ್ತ ಕೆಲಸದ ಮಂದಿ ಇರುತ್ತಾರೆ, ಅವರಿಗೆ ಇಂಗಾಲದ ನಾರಿನ ಗೂಡಿಲ್ಲ, ತಲೆಯ ಮೇಲೆ ಹೇಲೋ ಇಲ್ಲ. ವ್ಯವಸ್ಥೆಯ ತಪ್ಪು ಚಾಲಕನ ತಪ್ಪನ್ನು ಅಳಿಸುವುದಿಲ್ಲ.

ಹೇಲೋ ಬಗ್ಗೆ ಎರಡು ಮಾತು. 2018ರಿಂದ ಫಾರ್ಮುಲಾ 1 ಮತ್ತು 2ರ ಚಾಲಕರ ತಲೆಯ ಸುತ್ತ ಇರುವ ಟೈಟೇನಿಯಂ ಕಮಾನು ಅದು. ಬಂದಾಗ ಅಂದಗೇಡಿ ಎಂದು ಬೈದವರು ಬಹಳ. 2021ರ ಸೆಪ್ಟೆಂಬರಿನಲ್ಲಿ ಮೊಂಜಾದ ಫಾರ್ಮುಲಾ 1 ರೇಸಿನಲ್ಲಿ ವರ್ಸ್ಟಾಪನ್ ಕಾರಿನ ಗಾಲಿ ಇನ್ನೊಬ್ಬ ಚಾಲಕ ಹ್ಯಾಮಿಲ್ಟನ್ ತಲೆಯ ಮೇಲೆ ಹತ್ತಿದಾಗ ಆ ಕಮಾನು ಅದನ್ನು ಹಿಡಿದು ನಿಲ್ಲಿಸಿತು, ಬೈಗುಳವೂ ನಿಂತಿತು. ಹ್ಯಾಮಿಲ್ಟನ್ ನಡೆದುಕೊಂಡು ಹೋದರು ಎಂಬ ಕಾರಣಕ್ಕೆ ವರ್ಸ್ಟಾಪನ್‌ರನ್ನು ಬಿಟ್ಟುಬಿಡಲಿಲ್ಲ; ಮುಂದಿನ ರೇಸಿನಲ್ಲಿ ಮೂರು ಸ್ಥಾನ ಹಿಂದೆ ನಿಲ್ಲಿಸಿದರು. ಫಲ ಏನಾಯಿತು ಎಂಬುದು ಅದೃಷ್ಟದ ಕೈಯಲ್ಲಿ, ಮಾಡಿದ್ದು ಮಾತ್ರ ಚಾಲಕನ ಕೈಯಲ್ಲಿ. ಬಡಿಯದಿದ್ದರೂ ದಂಡ ಏಕೆಂದರೆ ಇದಕ್ಕೇ.

ಬಾಕುವಿನ ಅದೇ ವಾರಾಂತ್ಯದಲ್ಲಿ ಫಾರ್ಮುಲಾ 1ರಲ್ಲಿ ಕೆವಿನ್ ಮ್ಯಾಗ್ನುಸೆನ್ ಸ್ಪರ್ಧಿಸಲಿಲ್ಲ. 2014ರಿಂದ ತಪ್ಪಿಗೆ ತಕ್ಕಂತೆ ಅಂಕ ಬರೆದುಕೊಳ್ಳುವ ಪದ್ಧತಿ ಇದೆ, ಹನ್ನೆರಡು ತಿಂಗಳಲ್ಲಿ 12 ಅಂಕವಾದರೆ ಒಂದು ರೇಸ್ ಹೊರಗೆ. ಆ ಲೆಕ್ಕ ತುಂಬಿ ಹೊರಗುಳಿದ ಮೊದಲಿಗರು ಅವರೇ. ಕೊನೆಯ ಅಂಕಗಳು ಬಂದ ಘಟನೆಯಲ್ಲಿ ತಾಗಿಸಿಕೊಂಡ ಗ್ಯಾಸ್ಲಿಯೇ, ಅಷ್ಟು ದಂಡ ಬೇಕಿರಲಿಲ್ಲ ಎಂದರು. ನಾನೂ ಒಪ್ಪುತ್ತೇನೆ. ಸಣ್ಣ ತಾಗುವಿಕೆಗೂ ಹಳದಿ ಬಾವುಟದ ಉಲ್ಲಂಘನೆಗೂ ಒಂದೇ ಖಾತೆ ಇರಬಾರದು. ಖಾಲಿಯಾದ ಸೀಟಿನಲ್ಲಿ ಕೂತ ಹತ್ತೊಂಬತ್ತರ ಆಲಿವರ್ ಬೇರ್ಮನ್ ಹತ್ತನೆಯವರಾಗಿ ಒಂದು ಅಂಕ ಗಳಿಸಿದರು.

ದಂಡಗಳು ಹೀಗೆ ಭವಿಷ್ಯವನ್ನೂ ತಿರುಗಿಸುತ್ತವೆ. ಮೈನಿಯವರ ಅದೇ ವರ್ಷವನ್ನು ನೋಡಿ. ಬಹರೇನಿನ ಮೊದಲ ಅರ್ಹತಾ ಸುತ್ತಿನಲ್ಲಿ ಅವರೇ ಮೊದಲಿಗರು. ತಪಾಸಣೆಯಲ್ಲಿ ಕಾರು ನೆಲದಿಂದ ಇರಬೇಕಾದ ಎತ್ತರದ ನಿಯಮಕ್ಕೆ ಹೊಂದಲಿಲ್ಲ. ಅನರ್ಹರಾಗಿ ಎಲ್ಲರ ಹಿಂದೆ ನಿಲ್ಲಬೇಕಾಯಿತು. ಕೆಲವು ಮಿಲಿಮೀಟರಿಗೆ ಅಷ್ಟು ದೊಡ್ಡ ಶಿಕ್ಷೆಯೇ ಎನ್ನಬಹುದು. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾದಷ್ಟೂ ಅಡಿಯ ಗಾಳಿ ವೇಗವಾಗಿ ಹರಿದು ಕಾರನ್ನು ಕೆಳಗೆ ಹೀರುತ್ತದೆ, ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಮಿಲಿಮೀಟರೆಂದರೆ ಅಲ್ಲಿ ಸಮಯ. ಆ ಮೊದಲ ಸ್ಥಾನ ಸಿಕ್ಕಿದ್ದು ಅವರದೇ ತಂಡದ ಗೇಬ್ರಿಯೆಲ್ ಬೊರ್ಟೊಲೆಟೊಗೆ. ಅವರು ಆ ವರ್ಷ ಚಾಂಪಿಯನ್ ಆಗಿ ಫಾರ್ಮುಲಾ 1 ಸೇರಿದರು. ಜುಲೈನಲ್ಲಿ ಹಂಗೇರಿಯ ಸ್ಪ್ರಿಂಟ್ ರೇಸಿನಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು: ಮೊದಲು ಬಂದ ರಿಚರ್ಡ್ ವರ್ಷೂರ್ ತಾಂತ್ರಿಕ ನಿಯಮದಲ್ಲಿ ಸಿಕ್ಕಿಬಿದ್ದು, ಎರಡನೆಯವರಾಗಿದ್ದ ಮೈನಿಗೆ ಫಾರ್ಮುಲಾ 2ರ ಮೊದಲ ಗೆಲುವು ದಕ್ಕಿತು. 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ರೇಸನ್ನು ಅವರು ಯಾರ ಅನರ್ಹತೆಯ ನೆರವೂ ಇಲ್ಲದೆ ಗೆದ್ದರು. ಭಾರತದಿಂದ ಇದುವರೆಗೆ ಫಾರ್ಮುಲಾ 1 ರೇಸ್ ಓಡಿಸಿದವರು ಇಬ್ಬರೇ: ನಾರಾಯಣ್ ಕಾರ್ತಿಕೇಯನ್, ಕರುಣ್ ಚಂಧೋಕ್. ಕನ್ನಡ ನಾಡಿನಿಂದ ಯಾರೂ ಇಲ್ಲ.

ರೇಸಿನ ಈ ಕನಸಿನ ಬೆಲೆಯನ್ನೂ ಹೇಳಬೇಕು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಬೈಕ್ ರೇಸಿನಲ್ಲಿ ಬಿದ್ದು ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ತೀರಿಕೊಂಡ. ಆ ವಾರಾಂತ್ಯದ ಉಳಿದ ಸ್ಪರ್ಧೆಗಳನ್ನೆಲ್ಲ ರದ್ದು ಮಾಡಿದರು. ಬೈಕ್ ಸವಾರನಿಗೆ ಗೂಡಿಲ್ಲ, ನಜ್ಜುಗುಜ್ಜಾಗಿ ಶಕ್ತಿಯನ್ನು ನುಂಗುವ ಮೂತಿಯಿಲ್ಲ. ಅವನ ಮೈಯೇ ಅವನ ಬಂಪರ್.

ಅನಗವಾಡಿಯ ರಸ್ತೆಯಲ್ಲಿ ಹೋಗುವ ಬೈಕಿನವನ ಸ್ಥಿತಿಯೂ ಅದೇ. ಕಾರಿನವನೂ ನಿಶ್ಚಿಂತನಲ್ಲ. ಟ್ರಾಲಿಯ ತಳ ಕಾರಿನ ಬಾನೆಟ್‌ಗಿಂತ ಎತ್ತರದಲ್ಲಿರುತ್ತದೆ. ಅಪ್ಪಳಿಸಿದಾಗ ಬಾನೆಟ್ ಅದರಡಿಗೆ ತೂರಿಕೊಂಡು, ಮೊದಲ ಪೆಟ್ಟು ಗಾಜಿಗೆ, ಆಮೇಲೆ ತಲೆಗೆ. ಬಿಯಾಂಕಿಗೆ ಆದದ್ದೂ ಇದೇ ಬಗೆಯದು.

ರೇಸ್ ಕಾರಿನ ಹಿಂಬದಿಯಲ್ಲಿ ಮಳೆ ಬಂದಾಗ ಒಂದು ಕೆಂಪು ದೀಪ ಮಿನುಗುತ್ತದೆ. ಅದು ಕೆಟ್ಟರೆ ಕಾರನ್ನು ನಿಲ್ಲಿಸಲು ಹೇಳಬಹುದು. ನಮ್ಮ ಟ್ರಾಲಿಗೆ ಅಷ್ಟು ವೈಭವ ಬೇಡ, ರೇಡಿಯಂ ಪಟ್ಟಿ ಸಾಕು. ಕನ್ನಡಿಗೆ ಬೆಳಕು ಬಿದ್ದರೆ ಅದು ಬೇರೆ ದಿಕ್ಕಿಗೆ ಚಿಮ್ಮುತ್ತದೆ. ರೇಡಿಯಂ ಪಟ್ಟಿಯೊಳಗಿನ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಒಳಗೇ ತಿರುಗಿಸಿ, ಬಂದ ದಾರಿಯಲ್ಲೇ ವಾಪಸು ಕಳಿಸುತ್ತವೆ. ನಿಮ್ಮ ಹೆಡ್‌ಲೈಟಿನ ಬೆಳಕು ನಿಮ್ಮ ಕಣ್ಣಿಗೇ ಮರಳುತ್ತದೆ. ಬ್ಯಾಟರಿ ಬೇಡ, ವೈರಿಂಗ್ ಬೇಡ, ಗಾಡಿ ಕೆಟ್ಟು ನಿಂತರೂ ಪಟ್ಟಿ ಕೆಲಸ ಮಾಡುತ್ತದೆ. 50 ಮೀಟರಿಗೆ ಕಾಣುತ್ತಿದ್ದ ಟ್ರಾಲಿ 150 ಮೀಟರಿಗೆ ಕಂಡರೆ 80ರಲ್ಲಿ ಬಂದವನೂ ಅರ್ಧ ದಾರಿಯಲ್ಲೇ ನಿಲ್ಲುತ್ತಾನೆ. ಬೇವಿನ ಟೊಂಗೆಗೆ ಈ ಗುಣವಿಲ್ಲ, ಕತ್ತಲಲ್ಲಿ ಅದು ಕತ್ತಲೇ.

ಟ್ರ್ಯಾಕ್ಟರ್ ಇಟ್ಟುಕೊಂಡ ಅಣ್ಣಂದಿರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಈ ಹಂಗಾಮಿನ ಮೊದಲ ಹೊರೆ ಹೊರಡುವ ಮುಂಚೆ ಎರಡೂ ಟ್ರಾಲಿಗಳ ಹಿಂದೆ ಅಡ್ಡಕ್ಕೆ ಪಟ್ಟಿ ಅಂಟಿಸಿ, ಕಬ್ಬಿನ ತುದಿ ಅದನ್ನು ಮುಚ್ಚದಂತೆ ಕೆಳಗೆ ಅಂಟಿಸಿ, ಧೂಳು ಕೂತಾಗ ಒಮ್ಮೆ ಒರೆಸಿ. ಗಾಡಿ ಕೆಟ್ಟರೆ ಗುರುತನ್ನು ನಾಲ್ಕು ಹೆಜ್ಜೆ ಹಿಂದೆ ಇಡಬೇಡಿ, ನೂರು ಹೆಜ್ಜೆ ಹಿಂದೆ ಇಡಿ. ಹೋಗುವಾಗ ಗಾಲಿಗೆ ಕೊಟ್ಟ ಕಲ್ಲನ್ನು ರಸ್ತೆಯಿಂದ ತೆಗೆದು ಹೋಗಿ.