ಹುಲ್ಲು ಕಲಸಿದ ಗೋಡೆ ಮತ್ತು ರಿಯಾಕ್ಟರಿನ ಸೆರಾಮಿಕ್

ಅಭ್ಯಾಸ ಬೋಧನೆಗೆಂದು ಮೈಸೂರಿನ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿಗೆ ಪರಮಾಣು ಶಕ್ತಿಯ ಪಾಠ ಮಾಡುತ್ತಿದ್ದೆ. ಉದಾಹರಣೆಗೆ ಉತ್ತರ ಕನ್ನಡದ ಕೈಗಾ ಸ್ಥಾವರವನ್ನು ಆರಿಸಿಕೊಂಡಿದ್ದೆ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಇಂಧನವಾದ ಯುರೇನಿಯಂ ಡೈಆಕ್ಸೈಡ್ ಗುಳಿಗೆಯೂ ಪಿಂಗಾಣಿಯ ಹಾಗೆ ಸುಟ್ಟು ಗಟ್ಟಿಮಾಡಿದ ಸೆರಾಮಿಕ್ ಎಂದು ವಿವರಿಸಿದೆ.

ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಮಿಸ್, ನಮ್ಮ ಮಾವ ಕೈಗಾದಲ್ಲಿ ಕೆಲಸ ಮಾಡ್ತಾರೆ. ವಿಕಿರಣ ಬಿದ್ರೆ ಪಿಂಗಾಣಿ ಒಡೆಯಲ್ವಾ?"

"ಅದು ತುಂಬ ಗಟ್ಟಿ, ಏನೂ ಆಗೋದಿಲ್ಲ" ಎಂದುಬಿಟ್ಟೆ. ಆ ಉತ್ತರ ತಪ್ಪು. ಅವಳ ಮುಖದಲ್ಲಿದ್ದ ಅಳುಕೂ ಹೋಗಲಿಲ್ಲ.

ಮರುದಿನ ತಿದ್ದಿಕೊಂಡೆ. ಗುಳಿಗೆಯ ನಡುಭಾಗ ಅಂಚಿಗಿಂತ ಬಹಳ ಬಿಸಿಯಾಗಿರುವುದರಿಂದ ಅದು ಬಿರುಕು ಬಿಡುತ್ತದೆ. ವಿದಳನದಲ್ಲಿ ಹುಟ್ಟುವ ಕ್ಸೆನಾನ್, ಕ್ರಿಪ್ಟಾನ್ ಅನಿಲಗಳಿಂದ ಉಬ್ಬುತ್ತದೆ. ಇದು ಮೊದಲೇ ಗೊತ್ತಿರುವುದರಿಂದಲೇ ಗುಳಿಗೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬಿ ಮುಚ್ಚುತ್ತಾರೆ. ಕೈಗಾದ ಒಂದು ಇಂಧನ ಕಟ್ಟಿನಲ್ಲಿ ಇಂಥ 19 ಕೊಳವೆಗಳಿರುತ್ತವೆ.

ಈ ಲೋಹಕ್ಕೂ ಮಿತಿಯುಂಟು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ವಿಪರೀತ ಕಾದ ಜಿರ್ಕೋನಿಯಂ ಹಬೆಯೊಡನೆ ವರ್ತಿಸಿ ಹೈಡ್ರೋಜನ್ ಹುಟ್ಟಿ ಸ್ಫೋಟವಾಯಿತು. ಆಮೇಲೆ ಸಿಲಿಕಾನ್ ಕಾರ್ಬೈಡ್ ಕಾಂಪೊಸಿಟ್ ಕೊಳವೆಗಳ ಸಂಶೋಧನೆ ಚುರುಕಾಯಿತು. ಸಾಣೆಚಕ್ರದಲ್ಲಿ ಬಳಸುವ ವಸ್ತುವೇ ಇದು. ಬರಿಯ ಸೆರಾಮಿಕ್ ಪಟ್ಟನೆ ಒಡೆಯುತ್ತದೆ. ಅದೇ ವಸ್ತುವಿನ ಎಳೆಗಳನ್ನು ಹೆಣೆದು ಒಳಗಿಟ್ಟರೆ, ಹುಲ್ಲು ಕಲಸಿದ ಮಣ್ಣುಗೋಡೆಯಂತೆ ಬಿರುಕು ಬಿಟ್ಟರೂ ಹಿಡಿದು ನಿಲ್ಲುತ್ತದೆ.

ವಿಕಿರಣದ ಪರಿಣಾಮ ತೋರಿಸಲು ಕೇರಂ ಕಾಯಿಗಳನ್ನು ಒತ್ತಾಗಿ ಜೋಡಿಸಿ ಸ್ಟ್ರೈಕರ್‌ನಿಂದ ಹೊಡೆಸಿದೆ. ಕಾಯಿಗಳು ಚದುರಿ ಹೆಚ್ಚು ಜಾಗ ಹಿಡಿದವು. ನ್ಯೂಟ್ರಾನ್ ಬಡಿದಾಗ ಪರಮಾಣುಗಳೂ ಹೀಗೆ ಸ್ಥಾನ ಬಿಡುತ್ತವೆ. ವಸ್ತು ಸ್ವಲ್ಪ ಉಬ್ಬುತ್ತದೆ. ಸಾಲು ಕೆಟ್ಟಿದ್ದರಿಂದ ಶಾಖವೂ ಮೊದಲಿನಷ್ಟು ಸರಾಗವಾಗಿ ಹರಿಯುವುದಿಲ್ಲ.

ಈ ಹೋಲಿಕೆ ಎಲ್ಲಿ ಸೋಲುತ್ತದೆಂಬುದನ್ನೂ ಹೇಳಿದೆ. ಚದುರಿದ ಕಾಯಿ ತಾನಾಗಿ ಮರಳುವುದಿಲ್ಲ. ಪರಮಾಣುಗಳಲ್ಲಿ ಬಹಳಷ್ಟು ಮರಳುತ್ತವೆ. ಹಾನಿಯೂ ದುರಸ್ತಿಯೂ ಸರಿದೂಗಿದಾಗ ಸಿಲಿಕಾನ್ ಕಾರ್ಬೈಡ್‌ನ ಉಬ್ಬುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಶೇಕಡ 2ರ ಆಸುಪಾಸು. 800 ಡಿಗ್ರಿಯಲ್ಲಿ ಶೇಕಡ 1ಕ್ಕಿಂತ ಕಡಿಮೆ.

ಹಿಂದಿನ ಎಳೆಗಳಲ್ಲಿ ಆಕ್ಸಿಜನ್ ಸೇರಿತ್ತು. ವಿಕಿರಣಕ್ಕೆ ಸುತ್ತಲಿನ ವಸ್ತು ಉಬ್ಬಿದರೆ ಎಳೆಗಳು ಕುಗ್ಗಿದವು. ಗೋಡೆಯೊಳಗಿನ ಹುಲ್ಲು ಸಡಿಲವಾದಂತೆ ಹಿಡಿತ ತಪ್ಪಿ ಬಲ ಕುಂದಿತು. ಈಗಿನ ಶುದ್ಧ ಎಳೆಗಳು ಸುತ್ತಲಿನದರಷ್ಟೇ ಉಬ್ಬುವುದರಿಂದ ಬಲ ಉಳಿಯುತ್ತದೆ. ಆದರೂ ಕೊಳವೆಯ ಬಿಸಿಯಾದ ಒಳಮೈ ಕಡಿಮೆ, ತಂಪಾದ ಹೊರಮೈ ಹೆಚ್ಚು ಉಬ್ಬಿ, ಅನಿಲ ಸೋರುವಂಥ ಸಣ್ಣ ಬಿರುಕು ಮೂಡಬಹುದೆಂಬ ತೊಡಕು ಉಳಿದಿದೆ.

ಪಾಠ ಮುಗಿದಾಗ ಅದೇ ವಿದ್ಯಾರ್ಥಿನಿ, "ಹಾಗಾದ್ರೆ ಒಡೆಯುತ್ತೆ ಅಂತ ಗೊತ್ತಿದ್ದೇ ಕೊಳವೆ ಹಾಕಿದಾರೆ" ಎಂದಳು. ಈ ಉತ್ತರ ಅವಳಿಗೆ ನಿನ್ನೆಯೇ ಸಿಗಬೇಕಿತ್ತು. ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಹೋಲಿಕೆಯ ಪಕ್ಕದಲ್ಲಿ "ಇದು ಎಲ್ಲಿ ಸೋಲುತ್ತದೆ?" ಎಂಬ ಕಾಲಂ ಇದೆ.