ನದಿ ಪ್ರವಾಸಕ್ಕೆ ಯಾವ ಕ್ಯಾಮೆರಾ? ಮೊದಲು ದೋಣಿ ನೋಡಿ

ನಮ್ಮದು ಐದು ಜನರ ಗುಂಪು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಹೀಗೆ ತಾಲ್ಲೂಕಿಗೊಬ್ಬರಂತೆ ಐವರೂ ಒಂದೇ ಕಾಲೇಜಿನಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇವೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನ ನದಿ ಪ್ರವಾಸಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ಶ್ರೀರಂಗಪಟ್ಟಣ, ರಂಗನತಿಟ್ಟಿನಲ್ಲಿ ಕಾವೇರಿಯ ದೋಣಿ. ಬರುವಾಗ ಹೊನ್ನಾವರದಲ್ಲಿ ಶರಾವತಿಯ ದೋಣಿ. ಟಿಕೆಟ್ಟಿನ ಲೆಕ್ಕ ಹತ್ತು ನಿಮಿಷದಲ್ಲಿ ಮುಗಿಯಿತು. ಯಾವ ಕ್ಯಾಮೆರಾ ಒಯ್ಯಬೇಕು ಎಂಬ ಲೆಕ್ಕ ಎರಡು ವಾರ ನಡೆಯಿತು.

ನದಿ ಪ್ರವಾಸ ಎಂದ ಕೂಡಲೇ ಈಗ ಎಲ್ಲರ ಮೊಬೈಲಿನಲ್ಲಿ ಬರುವುದು ಗಂಗಾ ವಿಲಾಸ್ ಹಡಗಿನ ವಿಡಿಯೊ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಆ ಹಡಗು ಬಾಂಗ್ಲಾದೇಶವನ್ನು ಹಾದು 51 ದಿನಗಳಲ್ಲಿ ಸುಮಾರು 3,200 ಕಿ.ಮೀ. ಕ್ರಮಿಸಿ ದಿಬ್ರುಗಢ ಮುಟ್ಟುವಂತೆ ಯೋಜಿಸಲಾಗಿತ್ತು. ಅದರಲ್ಲಿರುವುದು 18 ಸೂಟ್, 36 ಪ್ರಯಾಣಿಕರು. ಅಂಥ ಹಡಗಿನಲ್ಲಿ ಕೋಣೆಯ ಬಾಲ್ಕನಿಯಲ್ಲಿ ಸ್ಟ್ಯಾಂಡ್ ಹಾಕಿ ಫೋಟೊ ತೆಗೆಯಬಹುದು. ನಾವು ಕೂರುವುದು ಹಲಗೆಯ ಮೇಲೆ, ಲೈಫ್ ಜಾಕೆಟ್ ಹಾಕಿಕೊಂಡು, ಅಕ್ಕಪಕ್ಕದವರ ಮೊಣಕೈ ತಗುಲುವಷ್ಟು ಇಕ್ಕಟ್ಟಿನಲ್ಲಿ. ಅವರಿಗೆ ಹೊಂದುವ ಸಲಕರಣೆ ನಮಗೆ ಹೊಂದುವುದಿಲ್ಲ.

ಹದಿನೆಂಟು ಟನ್ ಕಬ್ಬು

ಅಥಣಿಯ ಗೆಳೆಯ ಅಂಗಡಿಗೆ ಹೋಗಿ ವಿಚಾರಿಸಿಯೇ ಬಂದಿದ್ದ. "ಲೇ, ಅರವತ್ತ ಸಾವಿರದ್ದು. ತಿಂಗಳಾ ಐದ ಸಾವಿರ ಕಟ್ಟಿದ್ರ ವರ್ಷದಾಗ ಮುಗೀತೈತಿ. ತಗೊಂಡ ಬಿಡ್ತೇನಿ" ಎಂದ.

ನಮ್ಮ ಭಾಗದಲ್ಲಿ ಯಾವ ಲೆಕ್ಕವೂ ಕೊನೆಗೆ ಕಬ್ಬಿಗೇ ಬಂದು ನಿಲ್ಲುತ್ತದೆ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, 10.25ರ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ. ಅಂದರೆ ಟನ್ನಿಗೆ 3,400. ಅರವತ್ತು ಸಾವಿರವನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ ಹದಿನೆಂಟು ಟನ್. ಕಡಿಯುವ ಕೂಲಿ, ಸಾಗಣೆಯ ಖರ್ಚು, ಗೊಬ್ಬರ, ನೀರು ಯಾವುದನ್ನೂ ಕಳೆಯದ ಲೆಕ್ಕ ಇದು. ಮೇಲಾಗಿ ಆ ಕಂತುಗಳು ಬೀಳುವುದು ನಾವು ಕೊನೆಯ ವರ್ಷದಲ್ಲಿದ್ದಾಗ. ಸಂದರ್ಶನಕ್ಕೆಂದು ಪುಣೆ, ಬೆಂಗಳೂರು ತಿರುಗುವ ಖರ್ಚು ಬರುವುದೂ ಆಗಲೇ. "ಫೋಟೊ ಚಂದ ಬರೂದು ಬ್ಯಾರೆ, ಮನ್ಯಾಗ ಅಪ್ಪನ ಮುಂದ ಕಂತಿನ ಮೆಸೇಜ್ ಬರೂದು ಬ್ಯಾರೆ" ಎಂದಳು ನಿಪ್ಪಾಣಿಯ ಗೆಳತಿ. ಅವರದು ತಂಬಾಕಿನ ಹೊಲ. ಬೆಳೆ ಬಂದರೂ ದುಡ್ಡು ಬರಲು ತಡವಾಗುವುದು ಆಕೆಗೆ ಚೆನ್ನಾಗಿ ಗೊತ್ತು.

ಹೀಗಾಗಿ ನಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡೆವು. ಯಾವ ಕ್ಯಾಮೆರಾ ಒಳ್ಳೆಯದು ಎಂಬುದನ್ನು ಬಿಟ್ಟು, ಎಂಥ ದೋಣಿಯಲ್ಲಿ ಕೂರುತ್ತೇವೆ, ಎಷ್ಟು ದೂರದಿಂದ ಏನನ್ನು ನೋಡುತ್ತೇವೆ ಎಂದು ಕೇಳಿಕೊಂಡೆವು. ಆಗ ಉತ್ತರ ಸುಲಭವಾಯಿತು.

ಒಂದೊಂದು ನದಿಗೆ ಒಂದೊಂದು ಲೆನ್ಸ್

ಮೊದಲು ನಮ್ಮ ಕೃಷ್ಣೆಯನ್ನೇ ನೋಡೋಣ. ಕೃಷ್ಣಾ–ಪಂಚಗಂಗಾ ಸಂಗಮದ ನರಸೋಬವಾಡಿಯಲ್ಲಿ ದೋಣಿ ಹತ್ತಿದರೆ ಎದುರಿಗೆ ಕಾಣುವುದು ಘಾಟಿನ ಮೆಟ್ಟಿಲು, ಜನ, ಅಗಲವಾದ ನೀರು. ಅಲ್ಲಿಂದ ಖಿದ್ರಾಪುರಕ್ಕೆ ಹೋದರೆ ಕೋಪೇಶ್ವರ ದೇವಾಲಯ. ಅದರ ಸ್ವರ್ಗಮಂಟಪದ ಚಾವಣಿ ನಡುವೆ ವೃತ್ತಾಕಾರವಾಗಿ ತೆರೆದಿದೆ. ಕೆಳಗೆ ಕಂಬಗಳ ನೆರಳು, ಮೇಲೆ ಹೊಳೆಯುವ ಆಕಾಶ. ಇಂಥಲ್ಲಿ ಬೇಕಾಗಿರುವುದು ಅಗಲ ನೋಟ ಮತ್ತು ಕತ್ತಲೆ, ಬೆಳಕು ಎರಡನ್ನೂ ಹಿಡಿಯುವ ಶಕ್ತಿ. ಈಗಿನ ಮೊಬೈಲುಗಳು ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು ಕೂಡಿಸುವುದರಿಂದ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಕ್ಯಾಮೆರಾ ಬಾಡಿಗೆ ತರುವ ಅಗತ್ಯವೇ ಇಲ್ಲ.

ಹೊನ್ನಾವರದ ಶರಾವತಿಯೂ ಹೀಗೆಯೇ. ಅಗಲ ನದಿ, ಕಾಂಡ್ಲಾ ಗಿಡಗಳ ನಡುವಿನ ಓಣಿಯಂಥ ನೀರಿನ ದಾರಿ, ಸಂಜೆಯ ಬೆಳಕು. ಇಲ್ಲೂ ಮೊಬೈಲ್ ಸಾಕು. ಒಂದೇ ಎಚ್ಚರಿಕೆ, ನದಿ ಸಮುದ್ರ ಸೇರುವ ಜಾಗವಾದ್ದರಿಂದ ನೀರಿನಲ್ಲಿ ಉಪ್ಪಿರುತ್ತದೆ.

ರಂಗನತಿಟ್ಟಿನ ಮಾತು ಬೇರೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳು 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ ಆದವು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕರೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಇವನ್ನು ದೋಣಿಯಿಂದ ಹತ್ತಿರವೇ ನೋಡಬಹುದು. ಆದರೆ ಕಣ್ಣಿಗೆ ಹತ್ತಿರವಾದದ್ದು ಕ್ಯಾಮೆರಾಕ್ಕೂ ಹತ್ತಿರವೇ ಎಂದು ತಿಳಿಯಬೇಡಿ.

ಇಲ್ಲಿ ಪಿಯುಸಿ ಭೌತಶಾಸ್ತ್ರದ ಲೆಕ್ಕವೇ ಸಾಕು. ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ 20 ಮೀಟರ್ ದೂರದಲ್ಲಿ ನಿಂತಿದೆ ಎನ್ನಿ. ಲೆನ್ಸಿನ ಫೋಕಲ್ ಲೆಂಗ್ತನ್ನು ಹಕ್ಕಿಯ ಎತ್ತರದಿಂದ ಗುಣಿಸಿ ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದು ಸಿಗುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24 ಮಿ.ಮೀ. ಲೆನ್ಸಿಗೆ ಸಮ. ಅದರಲ್ಲಿ ಹಕ್ಕಿ ಚಿತ್ರದ ಎತ್ತರದ ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ. ಎಪಿಎಸ್–ಸಿ ಸೆನ್ಸರಿನ ಕ್ಯಾಮೆರಾದ ಜೊತೆ ಬರುವ 18–55 ಕಿಟ್ ಲೆನ್ಸನ್ನು ಪೂರ್ತಿ ಎಳೆದರೂ ಆರರಲ್ಲಿ ಒಂದು ಭಾಗ. ಐದು ಪಟ್ಟು ಆಪ್ಟಿಕಲ್ ಜೂಮ್ ಇರುವ ಮೊಬೈಲಿನಲ್ಲಿ ನಾಲ್ಕರಲ್ಲಿ ಒಂದು ಭಾಗ. ಅದೇ ಎಪಿಎಸ್–ಸಿ ಕ್ಯಾಮೆರಾಕ್ಕೆ 250 ಮಿ.ಮೀ. ಲೆನ್ಸ್ ಹಾಕಿದರೆ ಐದರಲ್ಲಿ ನಾಲ್ಕು ಭಾಗ!

ಈ ಲೆಕ್ಕ ನೋಡಿದ ಮೇಲೆ ನಮಗೆ ಎರಡು ಸಂಗತಿ ಖಚಿತವಾದವು. ಒಂದು, ಅರವತ್ತು ಸಾವಿರ ಕೊಟ್ಟು ಹೊಸ ಕ್ಯಾಮೆರಾ ತಂದು ಕಿಟ್ ಲೆನ್ಸಿನಲ್ಲೇ ಹೋದರೆ ಹಕ್ಕಿಯ ಮಟ್ಟಿಗೆ ಒಳ್ಳೆಯ ಜೂಮ್ ಮೊಬೈಲಿಗಿಂತ ಹಿಂದೆಯೇ ಉಳಿಯುತ್ತೇವೆ. ಎರಡು, ನಾಲ್ಕು ದಿನಗಳಲ್ಲಿ ನಮಗೆ ದೊಡ್ಡ ಲೆನ್ಸ್ ಬೇಕಾಗುವುದು ಒಂದೇ ಬೆಳಿಗ್ಗೆ.

ಅಲುಗಾಟದ ಲೆಕ್ಕ

ದೋಣಿಯಲ್ಲಿ ಫೋಟೊ ಕೆಡುವುದು ಹೆಚ್ಚಾಗಿ ಅಲುಗಾಟದಿಂದ. ನೆಲದ ಮೇಲೆ ನಿಂತು ತೆಗೆಯುವಾಗ ಶಟರ್ ಸ್ಪೀಡ್ ಲೆನ್ಸಿನ ಫೋಕಲ್ ಲೆಂಗ್ತಿಗೆ ತಕ್ಕಷ್ಟಿರಬೇಕು ಎಂಬ ಹಳೆಯ ಸೂತ್ರವಿದೆ. ಎಪಿಎಸ್–ಸಿ ಕ್ಯಾಮೆರಾದಲ್ಲಿ 250 ಮಿ.ಮೀ. ಲೆನ್ಸ್ ಸುಮಾರು 375ಕ್ಕೆ ಸಮ. ಆದ್ದರಿಂದ ಕನಿಷ್ಠ 1/400 ಸೆಕೆಂಡ್. ದೋಣಿಯಲ್ಲಿ ಅದನ್ನು ದುಪ್ಪಟ್ಟು ಮಾಡಿ 1/800 ಅಥವಾ 1/1000 ಇಡಿ. ಹಾರುವ ಹಕ್ಕಿಗೆ 1/2000 ಬೇಕು. ಐಎಸ್‌ಒ ಆಟೊದಲ್ಲಿರಲಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಬಂದರೆ ನಡೆದೀತು, ಮಸುಕು ಚಿತ್ರವನ್ನು ಯಾವ ಆ್ಯಪ್ ಕೂಡ ಸರಿಮಾಡದು.

ಲೆನ್ಸಿನಲ್ಲಿ ಸ್ಟೆಬಿಲೈಸೇಷನ್ ಇದೆಯಲ್ಲ ಎಂದು ನೀವು ಕೇಳಬಹುದು. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿ ರೆಕ್ಕೆ ಬಡಿಯುವುದನ್ನು ತಡೆಯುವುದಿಲ್ಲ. ಸ್ಟ್ಯಾಂಡ್ ಒಯ್ಯಲೇಬೇಡಿ. ಮೋಟಾರು ದೋಣಿಯಲ್ಲಿ ಎಂಜಿನ್ನಿನ ಕಂಪನ ಸ್ಟ್ಯಾಂಡಿನ ಮೂಲಕ ನೇರ ಕ್ಯಾಮೆರಾಕ್ಕೆ ಏರುತ್ತದೆ. ಮೊಣಕೈಯನ್ನು ದೋಣಿಯ ಅಂಚಿಗೆ ಊರಿದರೂ ಅಷ್ಟೇ. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ ಹಿಡಿದರೆ ನಮ್ಮ ದೇಹವೇ ಶಾಕ್ ಅಬ್ಸಾರ್ಬರ್. ಬೈಕಿನ ಹ್ಯಾಂಡಲಿಗೆ ಮೊಬೈಲ್ ಸಿಕ್ಕಿಸಿ ನದಿಯವರೆಗೆ ವಿಡಿಯೊ ಮಾಡುವ ಗೆಳೆಯರಿಗೂ ಒಂದು ಮಾತು. ಬೈಕ್ ಎಂಜಿನ್ನಿನ ಜೋರು ಕಂಪನದಿಂದ ಮೊಬೈಲ್ ಕ್ಯಾಮೆರಾದ ಸ್ಟೆಬಿಲೈಸೇಷನ್ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ತಿಳಿಸಿದೆ.

ಇನ್ನು ನೀರಿನ ಹೊಳಪು. ಪೋಲರೈಸರ್ ಎಂಬ ಫಿಲ್ಟರ್ ಇದನ್ನು ಕಡಿಮೆ ಮಾಡುತ್ತದೆ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಅದರ ಪರಿಣಾಮ ಅತಿ ಹೆಚ್ಚು. ಬ್ರೂಸ್ಟರ್ ಕೋನ ಎಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನೇ ಮೊಬೈಲ್ ಲೆನ್ಸಿನ ಮುಂದೆ ಹಿಡಿದು ನಿಧಾನ ತಿರುಗಿಸಿ ನೋಡಿ, ಪುಕ್ಕಟೆ ಫಿಲ್ಟರ್! ಆದರೆ ಇದು ಬೆಳಕನ್ನೂ ತಿನ್ನುತ್ತದೆ. ಹಕ್ಕಿಯ ಫೋಟೊಕ್ಕೆ ತೆಗೆದಿಡಿ, ನೀರು ಮತ್ತು ಮೋಡದ ಫೋಟೊಕ್ಕೆ ಹಾಕಿ.

ಮೊದಲ ಖರ್ಚು ಚೀಲಕ್ಕೆ

ಮೊಬೈಲ್ ಐಪಿ68 ಎಂದು ಬರೆದಿದ್ದರೆ ನೀರಿಗೆ ಹೆದರಬೇಕಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಇದರಲ್ಲಿ 6 ಎಂದರೆ ಧೂಳು ಒಳಹೋಗದು, 8 ಎಂದರೆ ಕಂಪನಿ ಹೇಳಿದ ಆಳ ಮತ್ತು ಸಮಯದವರೆಗೆ ನೀರು ಒಳಹೋಗದು. ಆ ಪರೀಕ್ಷೆ ಮಾಡುವುದು ಹೊಸ ಮೊಬೈಲಿಗೆ, ಸಿಹಿನೀರಿನಲ್ಲಿ. ಎರಡು ವರ್ಷ ಬಳಸಿ, ನಾಲ್ಕು ಸಲ ಬಿದ್ದ ಮೊಬೈಲಿಗೆ ಆ ಮಾತು ಅನ್ವಯಿಸದು. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿಯೂ ಸಿಗದು.

ಆದ್ದರಿಂದ ನಾವು ಮೊದಲು ಖರೀದಿಸಿದ್ದು, ಬಾಯಿ ಸುರುಳಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್. ಅದರೊಳಗೆ ಒಂದು ಒಣ ಹತ್ತಿ ಬಟ್ಟೆ, ಚಪ್ಪಲಿ ಡಬ್ಬಿಗಳಿಂದ ಕೂಡಿಸಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳು, ಒಂದು ಹೆಚ್ಚಿನ ಮೆಮೊರಿ ಕಾರ್ಡ್. ಹೊನ್ನಾವರದಲ್ಲಿ ಉಪ್ಪುನೀರು ಸಿಡಿದರೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಬರೀ ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಎ.ಸಿ. ಕೋಣೆಯಿಂದ ಹೊರಬಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಅರ್ಧ ತಾಸು ಬಿಟ್ಟರೆ ಸರಿಹೋಗುತ್ತದೆ.

ಬಾಡಿಗೆಗೆ ತರುವಾಗ

ಬೆಳಗಾವಿ, ಕೊಲ್ಹಾಪುರ, ಹುಬ್ಬಳ್ಳಿಯಂಥ ಊರುಗಳಲ್ಲಿ ಕ್ಯಾಮೆರಾ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ. ಗುರುತಿನ ಚೀಟಿ, ಠೇವಣಿ ಕೇಳುತ್ತಾರೆ. ನಾವು ವಿಚಾರಿಸಿದಾಗ ಒಂದು ಬಾಡಿ, 55–250 ಲೆನ್ಸಿನ ನಾಲ್ಕು ದಿನದ ಬಾಡಿಗೆ ಐವರಲ್ಲಿ ಹಂಚಿದರೆ ತಲೆಗೆ ಸಾವಿರದೊಳಗೇ ಬಂತು. ಬಾಡಿಗೆಗೆ ಪಡೆಯುವಾಗ ಅಂಗಡಿಯವರ ಎದುರಿಗೇ ಕ್ಯಾಮೆರಾದ ಸುತ್ತಲಿನ ವಿಡಿಯೊ ಮಾಡಿಕೊಳ್ಳಿ. ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿ. ಹತ್ತು ಫೋಟೊ ತೆಗೆದು, ದೊಡ್ಡದು ಮಾಡಿ ಪರೀಕ್ಷಿಸಿ. ನೀರಿಗೆ ಬಿದ್ದರೆ ಯಾರು ಎಷ್ಟು ಕೊಡಬೇಕೆಂಬುದನ್ನು ಬರಹದಲ್ಲಿ ಕೇಳಿ. ಪಕ್ಷಿಧಾಮಗಳಲ್ಲಿ ಕ್ಯಾಮೆರಾಕ್ಕೆ ಬೇರೆ ಶುಲ್ಕ ಇರುತ್ತದೆ, ಅದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಯೋಚನೆ ಬೇಡವೇ ಬೇಡ.

ನೀರು ಆಟದ ವಸ್ತುವಲ್ಲ

ನದಿಯ ಪಕ್ಕದವರಾದ ನಮಗೆ ಇದನ್ನು ಬೇರೆಯವರು ಹೇಳಬೇಕಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕಲ್ಲೋಳ–ಯಡೂರ, ಭೋಜವಾಡಿ–ಕುನ್ನೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗುತ್ತವೆ. 2019ರ ಮಹಾಪೂರದಲ್ಲಿ ಊರಿಗೆ ಊರೇ ಗಂಜಿ ಕೇಂದ್ರಕ್ಕೆ ಹೋದದ್ದನ್ನು ಕಂಡಿದ್ದೇವೆ. ಆದರೂ ಪ್ರತಿ ಮಳೆಗಾಲ ಮುಳುಗಿದ ಸೇತುವೆಯ ಮೇಲೆ ನಿಂತು ರೀಲ್ಸ್ ಮಾಡುವವರಿಗೆ ಕೊರತೆಯಿಲ್ಲ. ಜೂಮ್ ಲೆನ್ಸ್ ಇರುವುದೇ ದೂರ ನಿಂತು ತೆಗೆಯುವುದಕ್ಕೆ.

ಕಾಗವಾಡದ ಗೆಳೆಯನ ಊರಿನ ನಾವಿಕ ಕಾಕಾ ನಮಗೆ ಹೇಳಿದ ಮಾತೊಂದಿದೆ: "ತಮ್ಮಾ, ಒಬ್ಬಾಂವ ಎದ್ದ ನಿಂತ್ರ ಫೋಟೊ ಅವಂದು, ನೀರಿಗಿ ಬೀಳಾವ್ರು ಎಲ್ಲಾರೂ." ಎಲ್ಲರೂ ಒಂದೇ ಬದಿಗೆ ವಾಲಿದಾಗ ದೋಣಿಯ ಗುರುತ್ವ ಕೇಂದ್ರಕ್ಕೆ ಏನಾಗುತ್ತದೆಂದು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಕುಳಿತೇ ತೆಗೆಯಿರಿ. ಮೊದಲು ಲೈಫ್ ಜಾಕೆಟ್ ಹಾಕಿ, ಕ್ಯಾಮೆರಾದ ಪಟ್ಟಿ ಅದರ ಮೇಲಿರಲಿ. ಹೊತ್ತು ಬಂದರೆ ಕಿತ್ತೆಸೆಯಲು ಬರುವಂತಿರಬೇಕು. ಕ್ಯಾಮೆರಾ ನೀರಿಗೆ ಬಿದ್ದರೆ ಬೀಳಲಿ, ಅದರ ಹಿಂದೆ ಕೈ ಚಾಚಬೇಡಿ.

ಕೊನೆಗೆ ನಾವು ಒಯ್ಯುವುದು

ಐವರ ಮೊಬೈಲುಗಳು, ಬಾಡಿಗೆಯ ಒಂದು ಕ್ಯಾಮೆರಾ, ಒಂದು ಜೂಮ್ ಲೆನ್ಸ್, ಎರಡು ಬ್ಯಾಟರಿ, ಒಂದು ಪವರ್ ಬ್ಯಾಂಕ್, ಒಂದು ಡ್ರೈ ಬ್ಯಾಗ್. ರಂಗನತಿಟ್ಟಿನಲ್ಲಿ ಕ್ಯಾಮೆರಾ ಒಬ್ಬನ ಕೈಯಲ್ಲಿ ಹತ್ತು ನಿಮಿಷ ಮಾತ್ರ, ದಂಡೆಯಲ್ಲೇ ಸರದಿ ಚೀಟಿ ಎತ್ತುತ್ತೇವೆ. ದೋಣಿಯಲ್ಲಿ ಕೈಯಿಂದ ಕೈಗೆ ಕೊಡುವಾಗ ಪಟ್ಟಿ ಮೊದಲು ಕೊರಳಿಗೆ, ಆಮೇಲೆ ಕ್ಯಾಮೆರಾ. ಉಳಿದ ಹೊತ್ತು ಕಣ್ಣಿನಿಂದ ನೋಡುವುದು.

ಅಥಣಿಯ ಗೆಳೆಯ ಇಎಂಐ ಫಾರ್ಮ್ ತುಂಬಲಿಲ್ಲ. ಆದರೆ ಅವನ ಆಸೆ ಬರೀ ಪ್ರವಾಸದ್ದಲ್ಲ, ಕ್ಯಾಮೆರಾದಿಂದ ನಾಲ್ಕು ಕಾಸು ದುಡಿಯಬೇಕೆಂಬುದೂ ಇತ್ತು. ಅದಕ್ಕೂ ದಾರಿಯಿದೆ. ಈ ಮದುವೆ ಸೀಸನ್ನಿಗೆ ತನ್ನೂರಿನ ಸ್ಟುಡಿಯೊದವರ ಜೊತೆ ರಜೆಯಲ್ಲಿ ಸಹಾಯಕನಾಗಿ ಹೋಗಲು ಮಾತಾಡಿಕೊಂಡಿದ್ದಾನೆ. ಲೈಟ್ ಹಿಡಿಯುವುದು, ಬ್ಯಾಟರಿ ಬದಲಿಸುವುದು, ಆಲ್ಬಮ್ಮಿಗೆ ಫೋಟೊ ಆರಿಸುವುದು ಅವನ ಕೆಲಸ. ಆ ದುಡ್ಡಿನಲ್ಲಿ ಮುಂದಿನ ವರ್ಷ ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವುದು ಅವನ ಲೆಕ್ಕ. ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಬೇಕೆಂಬುದನ್ನು ಈಗಾಗಲೇ ಕಲಿತಿದ್ದಾನೆ. ನಮ್ಮ ಪ್ರವಾಸದ ಫೋಟೊಗಳನ್ನು ಆರಿಸಿ ಆಲ್ಬಮ್ ಮಾಡುವ ಮೊದಲ ಕೆಲಸ ಅವನಿಗೇ ಕೊಟ್ಟಿದ್ದೇವೆ, ಅದೂ ಪುಕ್ಕಟೆಯಾಗಿ!